ನಗುವಿಗಿಂತ ಮೊದಲು ಬೀಳಬೇಕಾದ ಅಕ್ಷರ

“ಮದಿವಿ ಸಿಡಿಯಾಗ ಹೆಸರ ಬರಸ್ತಿ. ಮಾತೂ ಬರಸಾಕ ಬರತೈತೇನು?”

ಕಾಕು ಅಂಗಡಿಯ ಮೆಟ್ಟಿಲ ಮೇಲಿಂದಲೇ ಹೀಗೆ ಕೂಗಿದಾಗ ಎದುರಿನ ಚಹಾದಂಗಡಿಯಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ಕಾಕುವಿಗೆ ಕಿವಿ ಕೇಳಿಸುವುದಿಲ್ಲ. ಹಾಗಾಗಿ ತನ್ನ ದನಿ ಎಷ್ಟು ದೊಡ್ಡದು ಎಂಬುದೂ ಆಕೆಗೆ ತಿಳಿಯುವುದಿಲ್ಲ.

ನಾನು ಜಮಖಂಡಿಯವಳು, ಬನಹಟ್ಟಿಗೆ ಸೊಸೆಯಾಗಿ ಬಂದವಳು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗ್ ಮಾಡುತ್ತಿದ್ದೆ, ಮದುವೆ ವಿಡಿಯೋಗಳಿಗೆ ಹೂವು, ಹೃದಯ, ಹಾರುವ ಪಾರಿವಾಳ ಮತ್ತು ವಧೂವರರ ಹೆಸರು ಕೂಡಿಸಿಕೊಡುತ್ತಿದ್ದೆ. ಮನೆಮನೆಗೂ ಸಿಡಿ ಪ್ಲೇಯರ್ ಬಂದಿದ್ದ ಕಾಲವದು. ಕಾಕು ಮೂರು ಮನೆ ಆಚೆಯವಳು. ಸಂಬಂಧವೇನಿಲ್ಲ, ಓಣಿಗೆಲ್ಲ ಅವಳು ಕಾಕು, ಅವಳ ಗಂಡ ಕಾಕಾ. ಮನೆಯ ಹಿಂದೆ ನಾಲ್ಕು ಪವರ್‌ಲೂಮ್ ಮಗ್ಗ. ಮದುವೆಯಾಗಿ ಬಂದಾಗಿನಿಂದ ಆ ಮಗ್ಗಗಳ ನಡುವೆಯೇ ನಿಂತು ಆಕೆಯ ಕಿವಿ ಹೋದವು. ಮೊದಲು ಸೈಕಲ್ ಗಂಟೆ ಹೋಯಿತಂತೆ, ಆಮೇಲೆ ಫೋನು, ಕೊನೆಗೆ ಮನುಷ್ಯರು.

ಮಗ್ಗದ ಖೋಲಿಯಲ್ಲಿ ಕಿವಿ ಇದ್ದವರಿಗೂ ಕಿವಿಯ ಉಪಯೋಗವಿಲ್ಲ. ಅಲ್ಲಿ ಎಲ್ಲರೂ ದನಿ ತೆಗೆಯದೆ ಬಾಯಿ ಅಗಲಿಸಿ ಮಾತಾಡುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಜೊತೆಗೆ ಒಂದಿಷ್ಟು ಕೈಸನ್ನೆ. ನಾನು ಹೊಸದಾಗಿ ಬಂದಾಗ ಇದು ಗೊತ್ತಿಲ್ಲದೆ, ಅತ್ತೆಯೂ ಓಣಿಯ ಹೆಂಗಸರೂ ನನ್ನನ್ನು ಅಣಕಿಸುತ್ತಿದ್ದಾರೆ ಎಂದುಕೊಂಡು ಮುಖ ಊದಿಸಿಕೊಂಡು ಹೊರಗೆ ಬಂದಿದ್ದೆ. ಅವರು ಪಾಪ “ಚಹಾ ಕುಡದಿ ಏನ?” ಎಂದು ಕೇಳುತ್ತಿದ್ದರಂತೆ.

ಅವತ್ತು ಕಾಕು ಸೆರಗಿನ ಮರೆಯಿಂದ ಎರಡು ಸಿಡಿ ತೆಗೆದು ಮೇಜಿನ ಮೇಲಿಟ್ಟಳು. ನೇಕಾರ ಓಣಿಯ ನಾಟಕ ಮಂಡಳಿಯವರು ಮುಧೋಳದಲ್ಲಿ ಆಡಿದ ನಾಟಕ, ಅಲ್ಲಿಯ ವಿಡಿಯೋದವನು ತೆಗೆದದ್ದು. ಹಗಲು ಮಗ್ಗ, ರಾತ್ರಿ ಬಣ್ಣ ಎಂಬ ಮಂಡಳಿ ಅದು. ಅದರಲ್ಲಿ ಕಾಕಾ ಹಾಸ್ಯದ ಆಳಿನ ಪಾತ್ರ ಮಾಡುತ್ತಾರೆ. ಒಂದು ಇಡೀ ಹಸಿರು ಸೀರೆಯನ್ನು ತಲೆಗೆ ಪಟಗಾ ಸುತ್ತಿಕೊಂಡು ಬರುತ್ತಾರೆ. ಆ ಪಟಗಾ ಪರದೆಯಾಚೆಯಿಂದ ಇಣುಕಿದರೇ ಸಾಕು, ಜನ ನಗಲು ಶುರು.

“ನಿಮಗ ಗೊತ್ತಿರೋ ನಾಟಕ ಅಲ್ಲೇನ್ರಿ?” ಎಂದು ಬಾಯಿ ಅಗಲಿಸಿ ಕೇಳಿದೆ.

“ಏನ ಗೊತ್ತು, ನನ್ನ ತಲಿ! ಎಲ್ಲಾರೂ ನಗ್ತಾರ. ಬಾಜೂಕ ಕುಂತಾಕಿ ಮುಖಾ ನೋಡಿ ನಾನೂ ನಗ್ತೇನಿ. ನಾ ಸುರು ಮಾಡೂದ್ರಾಗ ಮಂದಿದು ಮುಗದಿರತೈತಿ. ಒಬ್ಬಾಕಿನ ಹುಚ್ಚಿಗತೆ ನಕ್ಕೋತ ಕುಂತಿರತೇನಿ. ಒಂದ ಸಲರೇ ಮಂದಿ ಕೂಡ ನಗಬೇಕಂತ ಐತಿ ನನಗ.”

ಆಗುತ್ತದೆ, ಮಾಡಿಕೊಡುತ್ತೇನೆ ಎಂದು ತಲೆಯಾಡಿಸಿಬಿಟ್ಟೆ. ಹೇಗೆ ಮಾಡುವುದು ಎಂಬುದು ಮಾತ್ರ ದೇವರಾಣೆಗೂ ಗೊತ್ತಿರಲಿಲ್ಲ.

ಬೇರೆ ಭಾಷೆಯ ಸಿನಿಮಾಗಳ ಜೊತೆಗೆ, ಮಾತನ್ನು ಪರದೆಯ ಕೆಳಗೆ ಅಕ್ಷರದಲ್ಲಿ ತೋರಿಸುವ ಸಬ್‌ಟೈಟಲ್ ಎಂಬ ಒಂದು ಸಣ್ಣ ಫೈಲು ಬರುವುದನ್ನು ನೋಡಿದ್ದೆ. ಏನಿರಬಹುದು ಎಂದು ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ, ಅಯ್ಯೋ, ಇಷ್ಟೇನಾ! ಮೊದಲ ಸಾಲಿನಲ್ಲಿ ಒಂದು ಅಂಕಿ. ಕೆಳಗೆ ಮಾತು ಯಾವಾಗ ಬರಬೇಕು, ಒಂದು ಬಾಣ, ಯಾವಾಗ ಹೋಗಬೇಕು. ಅದರ ಕೆಳಗೆ ಮಾತು. ಒಂದು ಸಾಲು ಖಾಲಿ ಬಿಟ್ಟು ಮತ್ತೆ ಮುಂದಿನ ಅಂಕಿ. ವಿಡಿಯೋದ ಹೆಸರನ್ನೇ ಈ ಫೈಲಿಗೂ ಇಟ್ಟು ಒಂದೇ ಫೋಲ್ಡರಿನಲ್ಲಿ ಹಾಕಿದರೆ ಪ್ಲೇಯರ್ ತಾನಾಗಿಯೇ ಎತ್ತಿಕೊಳ್ಳುತ್ತದೆ. ಗಂಟೆ, ನಿಮಿಷ, ಸೆಕೆಂಡು ಆದ ಮೇಲೆ ಒಂದು ಅಲ್ಪವಿರಾಮ, ಅದರ ಮುಂದೆ ಸೆಕೆಂಡಿನ ಸಾವಿರದ ಭಾಗ. ಆ ಅಲ್ಪವಿರಾಮದ ಜಾಗದಲ್ಲಿ ನಾನು ಚುಕ್ಕಿ ಹಾಕಿ, ಯಾಕೆ ಏನೂ ಕಾಣುತ್ತಿಲ್ಲ ಎಂದು ಒಂದು ಮಧ್ಯಾಹ್ನವೆಲ್ಲ ಕಂಪ್ಯೂಟರಿಗೆ ಬೈದೆ.

ಚುಕ್ಕಿ ತಿದ್ದಿದೆ. ಈಗ ಅಕ್ಷರ ಬಂದವು, ಆದರೆ ಕನ್ನಡವಲ್ಲ. ಮದುವೆ ಕೆಲಸಕ್ಕೆ ಬಳಸುತ್ತಿದ್ದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆನಲ್ಲ, ಪ್ಲೇಯರಿಗೆ ಅದು ಇಂಗ್ಲಿಷ್ ಅಕ್ಷರಗಳ ಕಸದಂತೆ ಕಂಡಿತ್ತು. ಯುನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿದರೆ ಬರೀ ಚೌಕಗಳು. ಉಳಿಸುವಾಗ ಕೆಳಗಿನ ಪಟ್ಟಿಯಲ್ಲಿ ಯುಟಿಎಫ್-೮ ಆರಿಸಬೇಕು, ಪ್ಲೇಯರಿನ ಸೆಟ್ಟಿಂಗಿನಲ್ಲೂ ಅದನ್ನೇ ಆರಿಸಿ ಕನ್ನಡ ಫಾಂಟಿನ ಹೆಸರು ಕೊಡಬೇಕು. ಅದನ್ನೂ ಮಾಡಿದೆ. ಕನ್ನಡ ಬಂತು, ಒತ್ತಕ್ಷರಗಳು ಮಾತ್ರ ಕೈಕಾಲು ಮುರಿದುಕೊಂಡು ಬಂದವು. ಕಂಪ್ಯೂಟರಿನ ಮೂಲ ಸಿಡಿ ಹುಡುಕಿ, ಭಾರತದ ಭಾಷೆಗಳಿಗೆ ಬೇಕಾದ ಫೈಲುಗಳನ್ನು ಸೇರಿಸಿ, ಬಂದ್ ಮಾಡಿ ಮತ್ತೆ ಚಾಲೂ ಮಾಡಿದ ಮೇಲೆ “ಅಕ್ಕ” ಎಂಬುದು ಅಕ್ಕನಂತೆಯೇ ಕಾಣಿಸಿತು. ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ಒಳಗಿನಿಂದ ಅತ್ತೆ “ಏನಾತ?” ಎಂದು ಕೂಗಿದರು.

ಮೊದಲ ಹತ್ತು ನಿಮಿಷದ ಮಾತು ಕೂಡಿಸಿ ಕಾಕುವನ್ನು ಕರೆದು ಕೂಡಿಸಿದೆ. ಆಕೆ ನಾಲ್ಕನೆಯ ಇಯತ್ತೆ ಓದಿದವಳು. ತುಟಿ ಆಡಿಸುತ್ತ ಓದುತ್ತಾಳೆ. ನಾನು ಎರಡೆರಡು ಸಾಲು ತುಂಬಿಸಿದ್ದೆ. ಆಕೆ ಒಂದನ್ನು ಮುಗಿಸುವುದರೊಳಗೆ ಅದು ಮಾಯವಾಗುತ್ತಿತ್ತು. ಮೇಲಾಗಿ ನಾನು ಕಾಕಾನ ಮಾತನ್ನೆಲ್ಲ ಶುದ್ಧ ಪುಸ್ತಕದ ಕನ್ನಡದಲ್ಲಿ ಬರೆದಿಟ್ಟಿದ್ದೆ.

“ಇದ ಯಾರ ಮಾತು?” ಎಂದು ಕಾಕು ಹುಬ್ಬು ಗಂಟಿಕ್ಕಿದಳು. “‘ಹೋಗುತ್ತೇನೆ ಒಡೆಯರೇ’ ಅಂತ? ನಮ್ಮನಿಯವರ ಬಾಯಿ ಹಂಗ ಆಡಿಲ್ಲ. ‘ಹೊಕ್ಕೇನ್ರಿ ಧಣ್ಯಾರ’ ಅಂದಾರ ನೋಡ.”

ತಿರುಗಿಸಿ ಹಾಕಿ ಕೇಳಿದೆ. ಹೌದು, ಹಾಗೆಯೇ ಅಂದಿದ್ದರು. ಆ ಒಂದು ಕಡೆ ಕ್ಯಾಮೆರಾ ಹತ್ತಿರ ಹೋಗಿ ಕಾಕಾನ ಮುಖ ಪರದೆ ತುಂಬ ಇತ್ತು. ಆ ಸಿಡಿಯಲ್ಲಿ ಉಳಿದದ್ದೆಲ್ಲ ದೂರದಿಂದ ತೆಗೆದದ್ದು, ತುಟಿ ಕಾಣುವುದಿಲ್ಲ. ಅಂದಿನಿಂದ ನಾನು ಅವರವರ ಬಾಯಲ್ಲಿ ಬಂದ ಹಾಗೆಯೇ ಬರೆಯತೊಡಗಿದೆ. ಉದ್ದ ಮಾತನ್ನು ಮುರಿದೆ, ಅಕ್ಷರ ದಪ್ಪ ಮಾಡಿದೆ, ಕಾಕುವಿನ ತುಟಿಯ ವೇಗಕ್ಕೆ ಒಂದೊಂದು ಸಾಲನ್ನೂ ತಡೆದು ನಿಲ್ಲಿಸಿದೆ.

ಆಮೇಲೆ ಇನ್ನೊಂದು ತಂಟೆ. ನಾಟಕದ ಶುರುವಿನಲ್ಲಿ ಅಕ್ಷರ ಸರಿಯಾಗಿ ಬೀಳುತ್ತಿದ್ದವು. ಅರ್ಧ ತಾಸು ಕಳೆಯುವಷ್ಟರಲ್ಲಿ ಹಿಂದೆ ಬಿದ್ದು, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬರುತ್ತಿತ್ತು. ಪ್ಲೇಯರಿನಲ್ಲಿ ಎರಡು ಕೀಲಿ ಇವೆ: ಜಿ ಒತ್ತಿದರೆ ಅಕ್ಷರ ಸ್ವಲ್ಪ ಮೊದಲು ಬರುತ್ತದೆ, ಎಚ್ ಒತ್ತಿದರೆ ತಡವಾಗಿ. ಜಿ ಒತ್ತಿ ಒತ್ತಿ ನಡುವೆ ಸರಿಮಾಡಿದರೆ ಶುರುವಿನಲ್ಲಿ ಕೆಡುತ್ತಿತ್ತು. ಎಲ್ಲ ಕಡೆ ಒಂದೇ ಸಮ ತಡವಾದರೆ ಕೀಲಿಯಿಂದ ಜರುಗಿಸಬಹುದು. ಇದು ಹೋಗುತ್ತ ಹೋಗುತ್ತ ಹೆಚ್ಚುವ ತಡ. ಯಾಕಿರಬಹುದು ಎಂಬ ಹುಳ ತಲೆಯಲ್ಲಿ ಕೊರೆಯುತ್ತ, ಅನ್ನಕ್ಕೆ ಉಪ್ಪು ಹಾಕುವುದನ್ನೂ ಮರೆತೆ. ಉತ್ತರ ಹೊಳೆದದ್ದು ಅತ್ತೆ ಹೊರಗೆ ಕುಳಿತು ಅರಿವೆ ಅಳೆಯುವಾಗ. ಅಳೆಯುವ ಗಜವೇ ಚೂರು ಗಿಡ್ಡಾಗಿದ್ದರೆ ಮೊದಲ ಸೀರೆಯಲ್ಲಿ ಗೊತ್ತಾಗುವುದಿಲ್ಲ, ಗಂಟು ಕಟ್ಟುವಾಗ ಬಯಲಾಗುತ್ತದೆ. ನನ್ನ ಗಜ ಯಾವುದು? ವಿಡಿಯೋ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಓಡಿಸುತ್ತಿತ್ತು. ಮೊದಲ ಹತ್ತು ನಿಮಿಷದ ಆಮೇಲೆ ನಾನು ಬಳಸತೊಡಗಿದ್ದ ಅಕ್ಷರ ಕೂಡಿಸುವ ಪ್ರೋಗ್ರಾಮು ಮಾತ್ರ ಇಪ್ಪತ್ನಾಲ್ಕರ ಸುಮಾರು ಎಂದು ತಿಳಿದು ಲೆಕ್ಕ ಹಾಕುತ್ತಿತ್ತು, ಆ ಅಂಕಿ ತುಂಬುವ ಖಾನೆಯನ್ನು ನಾನು ಮುಟ್ಟಿಯೇ ಇರಲಿಲ್ಲ. ಅಂಕಿ ಬದಲಿಸಿ, ಮೊದಲ ಮಾತನ್ನೂ ಕೊನೆಯ ಮಾತನ್ನೂ ಅವುಗಳ ಜಾಗಕ್ಕೆ ಎಳೆದು ಕಟ್ಟಿದೆ. ನಡುವಿನದೆಲ್ಲ ತಾನಾಗಿ ಸರಿಹೋಯಿತು.

ಈಗಲಾದರೂ ಕಾಕು ಜನರ ಜೊತೆ ನಗಬೇಕಲ್ಲ? ಇಲ್ಲ. ಜನರಿಗಿಂತ ಮೊದಲೇ ನಕ್ಕಳು! ನಾಟಕದಲ್ಲಿ ಧಣಿ ಕೇಳುತ್ತಾನೆ, ನಾನು ಊರಿಗೆ ಹೋದಾಗ ಮನೆ ಕಾಯ್ದೆಯೇನೋ ಎಂದು. ಆಳು ಹೇಳುತ್ತಾನೆ, “ಕಾಯ್ದೇನ್ರಿ ಧಣ್ಯಾರ. ಕಳ್ಳರು ಸಾಮಾನೆಲ್ಲಾ ಒಯ್ದ್ರು. ಮನಿ ಮಾತ್ರ ಎಲ್ಲೂ ಹೋಗಗೊಡಲಿಲ್ಲ.” ನಾನು ಇದನ್ನು ಒಟ್ಟಿಗೆ ಕೂಡಿಸಿದ್ದೆ. ಕಾಕಾ ಇನ್ನೂ “ಕಾಯ್ದೇನ್ರಿ” ಎಂದು ಕೈಮುಗಿಯುತ್ತಿರುವಾಗಲೇ ಕಾಕು ಕೊನೆಯ ತನಕ ಓದಿ, ಮೇಜು ಬಡಿದು ನಕ್ಕಾಗಿತ್ತು.

ಆಗ ನಾನು ನಗುವನ್ನೇ ಅಳೆಯಲು ಕುಳಿತೆ. ದನಿಯನ್ನು ಗೆರೆಯಾಗಿ ತೋರಿಸುವ ಪ್ರೋಗ್ರಾಮಿನಲ್ಲಿ ನೋಡಿದರೆ ಮಾತು ಚೂರುಚೂರಾಗಿ ಕಾಣುತ್ತದೆ, ಜನರ ನಗು ದಪ್ಪ ಪಟ್ಟಿಯಾಗಿ ಕಾಣುತ್ತದೆ. ಪಟ್ಟಿ ಶುರುವಾಗುವ ಸ್ವಲ್ಪ ಮೊದಲು ಕಟ್ಟಕಡೆಯ ತುಂಡು ಬೀಳಬೇಕು, ಅದೂ ಎರಡೋ ಮೂರೋ ಶಬ್ದ ಮಾತ್ರ. ಆ ಮಾತನ್ನು ಮೂರು ತುಂಡು ಮಾಡಿದೆ. ಮುಂದಿನ ಸಲ ಕಾಕುವಿನ ನಗುವೂ ಮುಧೋಳದ ಜನರ ನಗುವೂ ಒಟ್ಟಿಗೆ ಎದ್ದವು. ಆಕೆಗೆ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತು. ಕೈಯಾಡಿಸಿ, “ಈಗ ಎಲ್ಲಾರ ಕೂಡ ನಕ್ರಿ” ಎಂದು ತಿಳಿಸಿದೆ.

“ಖರೆ?” ಎಂದಳು. “ಇನ್ನೊಮ್ಮೆ ಹಾಕ.”

ಎರಡನೆಯ ಸಿಡಿಯಲ್ಲಿ, ನಡುಮಧ್ಯೆ, ಆ ಜಾಗ ಬಂತು. ದನಿಯ ಗೆರೆಯಲ್ಲಿ ಇಡೀ ನಾಟಕದ ಅತಿ ದಪ್ಪ ಪಟ್ಟಿ ಅದೇ. ಏನಿರಬಹುದು ಎಂದು ಕುತೂಹಲದಿಂದಲೇ ಹೆಡ್‌ಫೋನ್ ಹಾಕಿಕೊಂಡೆ. ಧಣಿ ತನ್ನ ಹೆಂಡತಿಯ ಕಾಟ ಹೇಳಿಕೊಳ್ಳುತ್ತಾನೆ. ಕ್ಯಾಮೆರಾ ಕಾಕಾನ ಮುಖಕ್ಕೆ ಹತ್ತಿರ ಹೋಗುತ್ತದೆ. ಕಾಕಾ ಬಾಯಿ ಅಗಲಿಸಿ ಹೇಳುತ್ತಾರೆ:

“ನಮ್ಮ ಮನ್ಯಾಗ ಆ ಕಾಟ ಇಲ್ರಿ ಧಣ್ಯಾರ. ನಮ್ಮಾಕಿ ಕಿವಡಿ. ನಾ ಬೈದದ್ದು ಆಕಿಗಿ ಗೊತ್ತಾಗಂಗಿಲ್ಲ. ಆಕಿ ಬೈದದ್ದು ಜಮಖಂಡಿತನಾ ಗೊತ್ತಾಗತೈತಿ!”

ಪೆಂಡಾಲು ಹಾರಿ ಹೋಗುವಂಥ ನಗು. ಅಷ್ಟಾದರೆ ಬಿಡಿ. ವಿಡಿಯೋದವನು ಕ್ಯಾಮೆರಾವನ್ನು ಹೆಂಗಸರ ಕಡೆ ತಿರುಗಿಸಿದ್ದಾನೆ. ಅಲ್ಲಿ ಮಂಡಳಿಯ ಜೊತೆ ಹೋಗಿದ್ದ ನಮ್ಮ ಓಣಿಯವರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ. ಅವರ ನಡುವೆ ಕಾಕು. ಪಕ್ಕದವಳ ಮುಖ ನೋಡುತ್ತಾಳೆ. ನೋಡಿ, ತಾನೂ ನಗಲು ಶುರು ಮಾಡುತ್ತಾಳೆ. ಅಷ್ಟು ಹೊತ್ತಿಗೆ ಉಳಿದವರ ನಗು ಇಳಿದಿದೆ.

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಒಗೆದೆ. ಸಿಟ್ಟು ನೆತ್ತಿಗೇರಿತ್ತು. ಒಳಗೆ ಹೋಗಿ ಅತ್ತೆಗೆ ಕೇಳಿದೆ, “ಈ ಮಾತು ನಿಮಗ ಗೊತ್ತೈತೇನ್ರಿ?”

“ಹೂಂ, ಭಾಳ ವರ್ಷ ಆತು, ಎಲ್ಲಾ ನಾಟಕದಾಗೂ ಅಂತಾನ. ನಗುವಂಥಾ ಮಾತ, ಅದನ್ನೇನ ಆಕಿಗಿ ಹೇಳೂದು? ಬಿಟ್ಟಬಿಡ. ಮನಿ ಮುರಿಯೂ ಕೆಲಸ ನಮಗ್ಯಾಕ?”

ಅವತ್ತೇ ಸಂಜೆ ಕಾಕಾ ಬಂದರು. ಹೆಂಡತಿ ದಿನಾ ನನ್ನ ಅಂಗಡಿಗೆ ಬಂದು ಏನು ಮಾಡುತ್ತಿದ್ದಾಳೆಂಬುದು ಅವರಿಗೆ ಆಗಷ್ಟೇ ತಿಳಿದಿತ್ತು. ರಂಗದ ಮೇಲಿನ ಹುಲಿ ನನ್ನ ಸ್ಟೂಲಿನ ಮೇಲೆ ಬೆಕ್ಕಿನಂತೆ ಮುದುರಿ ಕುಳಿತಿತು.

“ತಂಗಿ, ಎರಡನೇ ಸಿಡಿದಾಗ ಒಂದ ಮಾತೈತಿ…”

“ಕೇಳೇನ್ರಿ.”

“ಅದನ್ನ ಯಾರೂ ಬರದ ಕೊಟ್ಟದ್ದಲ್ಲವ್ವಾ. ಒಮ್ಮೆ ಹಂಗ ಬಾಯಿಗಿ ಬಂತು. ಮಂದಿ ನಕ್ರು. ಮುಂದ ಬಿಡಬೇಕಂದ್ರೂ ಬಿಡಾಕ ಆಗಲಿಲ್ಲ. ಆ ಜಾಗಾದಾಗ ಬ್ಯಾರೆ ಏನರ ಬರಿ. ‘ನಮ್ಮಾಕಿ ಅಡಗಿ ಭಾಳ ಛಲೋ ಮಾಡ್ತಾಳ’ ಅಂತ ಬರಿ.”

“ಅಡಗಿ ಛಲೋ ಅಂದ್ರ ಮಂದಿ ಹಿಂಗ ಬಿದ್ದ ಬಿದ್ದ ನಗ್ತಾರೇನ್ರಿ ಕಾಕಾ?”

ನಾನು ವಿಡಿಯೋ ಹಾಕಿ, ದನಿ ಪೂರ್ತಿ ಇಳಿಸಿ, ಆ ಜಾಗ ತೋರಿಸಿದೆ. ಪರದೆ ತುಂಬ ಕಾಕಾನ ಬಾಯಿ. ಜೀವನವೆಲ್ಲ ಮಗ್ಗದ ಖೋಲಿಯಲ್ಲಿ ಮಾತಾಡಿದವರು ರಂಗದ ಮೇಲೂ ಹಾಗೇ ಮಾತಾಡುತ್ತಾರೆ, ಒಂದೊಂದು ಶಬ್ದವನ್ನೂ ತುಟಿಯಿಂದ ಕೆತ್ತಿದ ಹಾಗೆ. ಜಮಖಂಡಿಯವಳಾದ ನಾನೇ ದನಿಯಿಲ್ಲದೆ ಅದನ್ನು ಓದಬಲ್ಲೆ. ಇನ್ನು ಕಾಕು? ಆಕೆಯ ಕಿವಿ ಹೋದವೆಂದು ನಂಬಿ ನಡೆದ ಮನುಷ್ಯ, ಆಕೆ ಮಾತು ಕೇಳುವುದೇ ಕಣ್ಣಿನಿಂದ ಎಂಬುದನ್ನು ಮರೆತಿದ್ದರು.

“ಆ ಕ್ಯಾಮೆರಾದವಗ ಯಾರ ಹೇಳಿದ್ರು ಅಷ್ಟ ಹತ್ರ ಹೋಗಂತ!” ಎಂದರು ಕಾಕಾ, ಬೆವರು ಒರೆಸಿಕೊಳ್ಳುತ್ತ.

ಅವರು ಹೋದ ಮೇಲೆ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು ನನ್ನ ಸ್ಥಿತಿ. ಸುಳ್ಳು ಬರೆದರೆ ಸಿಕ್ಕಿಬೀಳುತ್ತೇನೆ. ಆ ತುಂಡನ್ನೇ ಕತ್ತರಿಸಬಹುದಿತ್ತು. ಕತ್ತರಿಸಿಯೂ ನೋಡಿದೆ. ಧಣಿಯ ದುಃಖದಿಂದ ನೇರ ಮುಂದಿನ ಹಾಡಿಗೆ ಹಾರುತ್ತಿತ್ತು. ಓಣಿಯವರು ನೋಡಿದರೆ ಆ ಮಾತು ಎಲ್ಲಿ ಹೋಯಿತು ಎಂದು ಅವರೇ ಕೂಗುವರು. ಏನೂ ಬರೆಯದೆ ಖಾಲಿ ಬಿಡೋಣವೇ? ಖಾಲಿ ಬಿಟ್ಟ ಆವೃತ್ತಿಯನ್ನು ಓಡಿಸಿ ನೋಡುತ್ತ ಕುಳಿತೆ. ಜನ ನಕ್ಕರು. ಕಾಕು ಪಕ್ಕದವಳ ಮುಖ ನೋಡಿದಳು. ಆಗ ನನಗೆ ತಿಳಿಯಿತು: ನಾಳೆ ಎಲ್ಲರೂ ಕೂಡಿ ನೋಡುವಾಗಲೂ ಇದೇ ಆಗುತ್ತದೆ. ಎಲ್ಲರೂ ನಗುತ್ತಾರೆ, ಆಕೆ ಪಕ್ಕದವಳ ಮುಖ ನೋಡುತ್ತಾಳೆ. ಇಷ್ಟು ವರ್ಷ ಓಣಿ ಮಾಡಿದ್ದನ್ನು ಈ ಸಲ ನಾನು ಮಾಡಿದಂತಾಗುತ್ತದೆ. ಆಕೆ ನನ್ನಿಂದ ಕೇಳಿದ್ದು ಅದೊಂದು ಆಗದಿರಲಿ ಎಂದೇ.

ಬರೆದೆ. ನಾಲ್ಕು ತುಂಡು ಮಾಡಿ, ಕೊನೆಯದನ್ನು ನಗುವಿನ ಪಟ್ಟಿಗೆ ತುಸು ಮೊದಲು ಇಟ್ಟೆ. ಬೇರೆ ಯಾವ ಮಾತಿಗೆ ಎಷ್ಟು ನಿಗಾ ಕೊಟ್ಟಿದ್ದೆನೋ ಅಷ್ಟೇ ನಿಗಾದಿಂದ.

ಅಮಾವಾಸ್ಯೆಯ ದಿನ ಮಗ್ಗ ಬಂದ್. ಮಧ್ಯಾಹ್ನ ಕಾಕುವಿನ ಮನೆಗೆ ಕಂಪ್ಯೂಟರ್ ಹೊತ್ತುಕೊಂಡು ಹೋದೆವು. ಕಿಟಕಿಗೆ ಎರಡು ಸೀರೆ ಕಟ್ಟಿ ಕತ್ತಲು ಮಾಡಿದರು. ಅತ್ತೆ, ಓಣಿಯ ಹೆಂಗಸರು, ಮಂಡಳಿಯ ಗಂಡಸರು ಎಲ್ಲ ನೆಲದ ಮೇಲೆ. ಕಾಕು ನಟ್ಟನಡುವೆ, ಸ್ಪೇಸ್ ಬಾರ್ ಕೈಗೆಟುಕುವ ಹಾಗೆ. ಓದಲಾಗದಿದ್ದರೆ ತಡೆದು ನಿಲ್ಲಿಸುವುದನ್ನು ಆಕೆಗೆ ಕಲಿಸಿದ್ದೆ. “ನಾ ಬರಂಗಿಲ್ಲ” ಎಂದಿದ್ದ ಕಾಕಾ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ ಕುಳಿತಿದ್ದರು.

ಮನೆ ಕಾಯ್ದ ಮಾತು ಬಂತು. ಕಾಕು ಎಲ್ಲರ ಜೊತೆಗೇ ನಕ್ಕಳು. ಅತ್ತೆ ಬೆರಗಾಗಿ ಆಕೆಯ ಕಡೆ ನೋಡಿದರು. ಮತ್ತೊಂದು ಮಾತು, ಮತ್ತೆ ಒಟ್ಟಿಗೆ ನಗು. ಸ್ವಲ್ಪ ಹೊತ್ತಿನ ಮೇಲೆ ಎಲ್ಲರೂ ಪರದೆ ಬಿಟ್ಟು ಕಾಕುವನ್ನೇ ನೋಡಿ ನಗತೊಡಗಿದರು. ಆಕೆಗೆ ಯಾರ ಮುಖವೂ ಬೇಕಿರಲಿಲ್ಲ.

ಎರಡನೆಯ ಸಿಡಿ. ಧಣಿ ಕಾಟ ಹೇಳಿಕೊಂಡ. ಕ್ಯಾಮೆರಾ ಹತ್ತಿರ ಹೋಯಿತು. ನಾಲ್ಕು ತುಂಡೂ ಬಿದ್ದವು. ಯಾರೂ ನಗಲಿಲ್ಲ, ಕಂಪ್ಯೂಟರಿನೊಳಗಿನ ಜನ ಮಾತ್ರ ಹುಚ್ಚೆದ್ದು ನಕ್ಕರು. ಕಾಕು ತುಟಿಯಾಡಿಸಿ ಓದಿ ಮುಗಿಸಿ, ಮೌಸಿನಿಂದ ಹಿಂದಕ್ಕೆ ಎಳೆಯುವುದನ್ನೂ ತೋರಿಸಿಕೊಟ್ಟಿದ್ದೆನಲ್ಲ, ಹಾಗೆ ಚಿತ್ರವನ್ನು ತುಸು ಹಿಂದೆ ತಂದು ಸ್ಪೇಸ್ ಬಾರ್ ಒತ್ತಿದಳು. ಹಸಿರು ಪಟಗಾ ಸುತ್ತಿದ ಕಾಕಾ ಬಾಯಿ ತೆರೆದುಕೊಂಡು ಪರದೆಯ ಮೇಲೆ ನಿಂತುಬಿಟ್ಟರು.

ಕಾಕು ಎಲ್ಲರ ಕಡೆ ತಿರುಗಿದಳು. “ನನ್ನ ಕಿವಿ ಎಲ್ಲಿ ಹೋದ್ವು, ಅದನ್ನೂ ಹೇಳಬೇಕಿಲ್ಲೋ ಈ ಮನಶ್ಯಾ?” ಎಂದು ತನ್ನ ದೊಡ್ಡ ದನಿಯಲ್ಲಿ ಕೇಳಿದಳು. ಪರದೆಯ ಮೇಲಿನ ಪಟಗಾಕ್ಕೆ ಬೆರಳು ಒತ್ತಿ ಹಿಡಿದಳು. “ಇಲ್ಲೇ ಅದಾವ ನೋಡ್ರಿ. ಈ ಸೀರಿ ನನ್ನ ಮಗ್ಗದ್ದು. ನನ್ನ ಎರಡೂ ಕಿವಿ ತಲಿಗಿ ಸುತಗೊಂಡ ಕುಣ್ಯಾಕತ್ತಾನ!”

ಆಮೇಲೆ ನಗು ಎದ್ದಿತು ನೋಡಿ, ಕಿಟಕಿಗೆ ಕಟ್ಟಿದ ಸೀರೆ ಬಿಚ್ಚಿ ಬೀಳುವುದೊಂದು ಬಾಕಿ. ಅತ್ತೆ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು, ಆ ನೀರು ನಗುವಿನದೊಂದೇ ಆಗಿರಲಿಲ್ಲ. ನಾನು ಬಾಗಿಲ ಕಡೆ ನೋಡಿದೆ. ಕಾಕಾ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ನೋಡಿ, ನೋಡಿ, ಎಲ್ಲರದೂ ಮುಗಿಯುವ ಹೊತ್ತಿಗೆ ತಾವೂ ನಕ್ಕರು.

ಮರುದಿನ ಮಗ್ಗಗಳು ಮತ್ತೆ ಶುರುವಾದ ಮೇಲೆ ಕಾಕು ಅಂಗಡಿಗೆ ಬಂದಳು. “ಆ ಮಾತು ನನಗ ಗೊತ್ತಿತ್ತ,” ಎಂದಳು. “ಸಿಡಿ ಮನಿಗಿ ತಂದ ದಿನಾನ ಅವರ ಬಾಯಿ ನೋಡಿ ತಿಳದಿತ್ತ. ಉಳದದ್ದು ತಿಳೀಲಿಲ್ಲ. ನೀ ಅದನ್ನ ಬರೀತೀಯೋ ಮುಚ್ಚತೀಯೋ, ಅದನ್ನ ನೋಡೂದಿತ್ತ.”

ಎರಡನೆಯ ಆವೃತ್ತಿ, ಖಾಲಿ ಬಿಟ್ಟದ್ದು, ಇನ್ನೂ ಕಂಪ್ಯೂಟರಿನಲ್ಲಿತ್ತು. ಆಕೆ ಸ್ಟೂಲು ಎಳೆದು ಕುಳಿತಳು.

“ಈಗ ನನ್ನ ಮಾತೂ ಕೂಡಸ.”

“ಎಲ್ಲೆ?”

“ನೀನ ಹುಡಕ. ನಿನ್ನ ಕೆಲಸಾ.”

ಹುಡುಕುವುದೇನೂ ಬೇಕಿರಲಿಲ್ಲ. ನಗುವಿನ ಆ ದಪ್ಪ ಪಟ್ಟಿಯ ಕೆಳಗೆ ಯಾರ ಮಾತೂ ಇಲ್ಲ, ಅಕ್ಷರದ ಜಾಗ ಖಾಲಿ. ಕ್ಯಾಮೆರಾ ಹೆಂಗಸರ ಕಡೆ ತಿರುಗುತ್ತದೆ, ಕಾಕುವಿನ ಮುಖ ಬರುತ್ತದೆ. ಅಲ್ಲಿಯೇ ಇಟ್ಟೆ, ಎರಡು ತುಂಡು ಮಾಡಿ. ಕಿವಿ ಎಲ್ಲಿ ಹೋದವು ಎಂಬುದು ಆಕೆ ಪಕ್ಕದವಳ ಕಡೆ ತಿರುಗುವಾಗ. ತಲೆಗೆ ಸುತ್ತಿಕೊಂಡು ಕುಣಿಯುತ್ತಿದ್ದಾನೆ ಎಂಬುದು ಅದರ ಹಿಂದೆಯೇ. ಉಳಿಸಿ, ಓಡಿಸಿದೆ.

ಕಾಕಾ ತಮ್ಮ ಮಾತು ಹೇಳಿದರು. ಪೆಂಡಾಲು ನಕ್ಕಿತು. ಪರದೆಯ ಮೇಲಿನ ಕಾಕು ಪಕ್ಕದವಳ ಕಡೆ ತಿರುಗಿದಳು, ಕೆಳಗೆ ಆಕೆಯ ಮಾತು ಬಿತ್ತು, ಪಕ್ಕದವಳಿಗೆ ಅದನ್ನು ಹೇಳುತ್ತಿದ್ದಾಳೆ ಎಂಬಂತೆ. ಎರಡನೆಯ ತುಂಡೂ ಬಿತ್ತು. ಆಗ ಆಕೆ ನಕ್ಕಳು. ಮೊದಲಿನ ಅದೇ ನಗು, ಅದೇ ಸೆಕೆಂಡಿನಲ್ಲಿ. ನಾನು ಅದನ್ನು ಕೂದಲೆಳೆಯಷ್ಟೂ ಜರುಗಿಸಿರಲಿಲ್ಲ. ಆದರೆ ಈಗ ಅದು ತಡವಾಗಿರಲಿಲ್ಲ.

ಕಾಕು ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡಿದಳು.

“ಈಗ ಬರೋಬ್ಬರಿ ಆತ ನೋಡ,” ಎಂದಳು.